ಎಷ್ಟು ದೂರದ ನೋವು

ಇಲ್ಲಿ ನೋವನ್ನು ಕಿಲೋಮೀಟರಿನಲ್ಲಿ ಅಳೆಯುತ್ತೇವೆ.
ಕಣ್ಣಿಗೆ ಹೊಕ್ಕ ಮರಳಿಗೆ ನನ್ನ ಮೇಜಿನ ತನಕ.
ಮುರಿದ ಮುಂಗೈಗೆ ಹೈಮಾ, ನೂರಾ ನಲವತ್ತು.
ಅದಕ್ಕೂ ಮೀರಿದ್ದಕ್ಕೆ ನಿಜ್ವಾ;
ಅಲ್ಲಿಗೆ ಮುಟ್ಟುವಷ್ಟರಲ್ಲಿ ಒಂದು ಸಿಲಿಂಡರ್ ಖಾಲಿ,
ಇನ್ನೊಂದು ಅರ್ಧ.

ನಾನು ಡಾಕ್ಟರಲ್ಲ. ಕುಂದಾಪುರ ಕಡೆಯ ನರ್ಸು.
ಕ್ಯಾಂಪಿನವರಿಗೆ ಬ್ರದರ್, ಒಂಟೆ ಕಾಯುವವರಿಗೆ ದಕ್ತೂರ್.
ಎರಡಕ್ಕೂ ತಿರುಗಿ ನೋಡುತ್ತೇನೆ.
ಡಾಕ್ಟರು ಬರುವುದು ಮಂಗಳವಾರ, ಗಾಳಿ ಬಿಟ್ಟರೆ.
ಉಳಿದ ಆರು ದಿನ
ಯಾರನ್ನು ಕಳಿಸಬೇಕು, ಯಾರನ್ನು ಇರಿಸಿಕೊಳ್ಳಬೇಕು,
ಯಾರ ಬೆನ್ನು ತಟ್ಟಿ ಹೋಗು ಮಲಗು ಅನ್ನಬೇಕು
ಎಂಬುದೆಲ್ಲ ತೀರ್ಮಾನವಾಗುವುದು ಈ ತಗಡಿನ ಕೋಣೆಯಲ್ಲಿ,
ಜನರೇಟರಿನ ಗೊರಕೆಯ ನಡುವೆ.

ನಕುಲ ಬೆಹೆರಾ ಬಂದದ್ದು ಶನಿವಾರ, ರಾತ್ರಿ ಒಂದೂವರೆಗೆ.
ವೆಲ್ಡರ್. ಎದೆ ಉಜ್ಜಿಕೊಳ್ಳುತ್ತ,
"ಗ್ಯಾಸ್, ಬ್ರದರ್. ಒಂದು ಗುಳಿಗೆ ಸಾಕು."
ಇಸಿಜಿ ಕಾಗದ ಕೊನೆಯ ಗೇಣು ಉಳಿದಿತ್ತು.
ಗೆರೆ ಸರಿಯಿತ್ತು. ಅಥವಾ ಸರಿಯಿದ್ದಂತಿತ್ತು.
ಆದರೆ ಅವನ ಬೆವರು ತಣ್ಣಗಿತ್ತು,
ಎ.ಸಿ. ಕೆಟ್ಟ ಆ ಕೋಣೆಯಲ್ಲಿ.
ಮುಸಲ್ಲಮನನ್ನು ಎಬ್ಬಿಸಿದೆ.

ಎಂಥ ಮಂಜು ಆ ರಾತ್ರಿ!
ಕಾಣದ ಸಮುದ್ರ ಮರಳಿನ ಮೇಲೆ ನಡೆದು ಬಂದಿತ್ತು.
ದೀಪಕ್ಕೆ ಒಂಟೆಯ ಕಾಲು ಮಾತ್ರ ಸಿಗುತ್ತಿತ್ತು, ಒಂಟೆಯಿಲ್ಲ.
ನಾಲ್ಕು ಗಂಟೆ ಅವನ ನಾಡಿ ನನ್ನ ಎರಡು ಬೆರಳಡಿ.
ಬೆಳಿಗ್ಗೆ ಹೈಮಾದವರು ರಕ್ತ ನೋಡಿ ಅಂದರು:
ಗ್ಯಾಸ್.

ಮೆಸ್ಸಿನಲ್ಲಿ ನಕುಲನಿಗೆ ಸೋಡಾ ಡಬ್ಬಿಯ ಹಾರ ಹಾಕಿದರು.
ಎರಡು ದಿನದ ಸಂಬಳ ಹೋಯಿತು.
ಡೀಸೆಲ್ಲಿಗೆ ಕಾರಣ ಬರೆಯಲು ಚೀಟಿ ಬಂತು.
"ಬೆವರು ತಣ್ಣಗಿತ್ತು" ಅಂತ ಬರೆದೆ.
ಆ ಕಾಲಮ್ಮು ಇದ್ದದ್ದೇ ಅಷ್ಟಗಲ.

ಅದೇ ವಾರ ತುಫೂಲಜ್ಜಿ.
ಪಿಕಪ್ಪಿನ ಹಿಂದೆ ಹಾಸಿಗೆ ಸಮೇತ ತಂದಿದ್ದ ಮೊಮ್ಮಗ.
ಹೊಟ್ಟೆಯ ಮೇಲೆ ನಾಲ್ಕು ಬರೆ, ಹಳೆಯವು.
ಅವಳ ಏಣಿ ನನ್ನದಕ್ಕಿಂತ ಹಿಂದಿನದು:
ಮೊದಲು ಜೇನು, ಆಮೇಲೆ ಒಂಟೆ ಹಾಲು, ಆಮೇಲೆ ಕಾದ ಕಬ್ಬಿಣ,
ಎಲ್ಲ ಮುಗಿದ ಮೇಲೆ ಸರಕಾರ.
ನಾನು ಗದರಲಿಲ್ಲ. ನನ್ನ ಮುಂಗೈಯಲ್ಲೂ ಒಂದಿದೆ,
ಏಳನೇ ವರ್ಷ ಕಾಮಾಲೆಗೆ ಹಾಕಿಸಿದ್ದು.
ತೋರಿಸಿದೆ. ಬೆರಳಾಡಿಸಿ ನೋಡಿದಳು.
"ಯಾರು ಹಾಕಿದ್ದು? ಕೈ ನಡುಗಿದೆ."

ಊದಿದ ಕಾಲು, ನೀರು ತುಂಬಿದ ಎದೆ,
ತೊಂಬತ್ತೋ, ತೊಂಬತ್ತೈದೋ.
ಪುಸ್ತಕ ನಿಜ್ವಾ ಅನ್ನುತ್ತದೆ.
ಮೊಮ್ಮಗ ಹೆಲಿಕಾಪ್ಟರ್ ಅನ್ನುತ್ತಾನೆ.
ಅಜ್ಜಿ ಕೇಳಿದಳು, "ಅಲ್ಲಿ ಕಿಟಕಿ ತೆರೆಯುತ್ತಾರಾ?"
ಇಲ್ಲ ಅಂದೆ.
ಸುಳ್ಳು ಹೇಳಬಹುದಿತ್ತು.

ಫೋನಿನಲ್ಲಿ ಡಾಕ್ಟರು ಬಹಳ ಹೊತ್ತಿನ ಮೇಲೆ ಹೂಂ ಅಂದರು.
ಒಂದು ಇಂಜೆಕ್ಷನ್, ಒಂದು ದಿಂಬು ಹೆಚ್ಚಿಗೆ,
ಆ ಅರ್ಧ ಸಿಲಿಂಡರ್,
ಮತ್ತೆ ಮುಸಲ್ಲಮನ ನಿಧಾನದ ಗಾಡಿ:
ಘಾಫ್ ಮರದಡಿಯ ಬಿಡಾರಕ್ಕೆ, ಹದಿನಾರು ಕಿಲೋಮೀಟರು,
ಆಸ್ಪತ್ರೆಗೆ ಬೆನ್ನು ಮಾಡಿ.
ಐದು ಸಂಜೆ ಹೋದೆ.
ಆರನೆಯ ಸಂಜೆ ಮೊಮ್ಮಗ ದೂರದಿಂದಲೇ ಕೈ ಎತ್ತಿದ:
ಅಲ್ಲೇ ನಿಲ್ಲಿಸು, ಧೂಳೆಬ್ಬಿಸಬೇಡ.

ಕ್ಷಮಿಸಿದನೋ ಇಲ್ಲವೋ ತಿಳಿಯದು.
ಕಾಫಿ ಕೊಟ್ಟ. ಸಾಕೆಂದು ಬಟ್ಟಲು ಅಲುಗಿಸಬೇಕು ಇಲ್ಲಿ.
ನಾನು ಮರೆತೆ, ಅವನು ತುಂಬುತ್ತಲೇ ಇದ್ದ.

ನಕುಲ ಈಗ ನನ್ನ ಬಾಗಿಲಿಗೆ ಬರುವುದಿಲ್ಲ.
ಸೋಡಾ ಕುಡಿದು ಗೋಡೆಗೆ ಮುಖ ಮಾಡಿ ಮಲಗುತ್ತಾನಂತೆ.
ಅದಕ್ಕೇ ರಾತ್ರಿ ಊಟದ ಮೇಲೆ
ಬೀಡಿ ಸೇದದ ನಾನು
ಏಳನೇ ಸಾಲಿಗೆ ಹೋಗಿ ಬೆಂಕಿಪೊಟ್ಟಣ ಕೇಳುತ್ತೇನೆ.
ಯಾಕೆಂದು ಅವನೂ ಕೇಳುವುದಿಲ್ಲ.
ಕೊಡುವಾಗ ಅಂಗೈ ತಾಗುತ್ತದೆ.
ಇವತ್ತು ಬೆಚ್ಚಗಿದೆ, ಒಣಗಿದೆ.

ನನ್ನ ಮೇಜಿನ ಖಾನೆಯಲ್ಲಿ
ಹನ್ನೊಂದು ಬೆಂಕಿಪೊಟ್ಟಣ.